ಹಳೇ ಪತ್ರಗಳ ಟ್ರಂಕಿಗೆ ಕ್ಯಾನನ್ ಲೈಡ್ 300 ಸ್ಕ್ಯಾನರ್: ಕಾಗದಕ್ಕೆ ಸರಿ, ಬಟ್ಟೆಯ ಕಡತಕ್ಕೆ ಬೇಡ

ಮಲೆನಾಡಿನ ಹಳೇ ಮನೆಗಳಲ್ಲಿ ಪತ್ರಗಳು ಸಿಗುವುದು ಹೆಚ್ಚಾಗಿ ಅಟ್ಟದ ಟ್ರಂಕಿನಲ್ಲಿ, ಇಲ್ಲವೇ ಗೋಡೆಗೆ ನೇತುಹಾಕಿದ ಕೊಕ್ಕೆ ತಂತಿಯಲ್ಲಿ. ಇನ್‌ಲ್ಯಾಂಡ್, ಪೋಸ್ಟ್ ಕಾರ್ಡು, ಲಗ್ನಪತ್ರಿಕೆ, ಜಾತಕದ ಹಾಳೆಗಳಿಗೆ ಈ ಸ್ಕ್ಯಾನರ್ ಧಾರಾಳವಾಗಿ ಸಾಕು.

ಹಳ್ಳಿಗೆ ಒಗ್ಗುವ ಮೊದಲ ಗುಣ, ಇದಕ್ಕೆ ಬೇರೆ ಅಡಾಪ್ಟರ್ ಬೇಡ. ಒಂದೇ ಯುಎಸ್‌ಬಿ ಕೇಬಲ್‌ನಲ್ಲಿ ವಿದ್ಯುತ್ತೂ ಹೋಗುತ್ತದೆ, ಚಿತ್ರವೂ ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇದ್ದರೆ ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ತೂಕ ಸುಮಾರು 1.7 ಕಿಲೋ, ಚೀಲದಲ್ಲಿಟ್ಟುಕೊಂಡು ದಾಯಾದಿಗಳ ಮನೆಗೂ ಒಯ್ಯಬಹುದು. ಪತ್ರಗಳನ್ನು ಹೊಸ್ತಿಲು ದಾಟಿಸಲು ಹಿರಿಯರು ಒಪ್ಪದ ಕಡೆ ಇದೊಂದೇ ದಾರಿ. ಕೇಬಲ್ಲನ್ನು ನೇರವಾಗಿ ಲ್ಯಾಪ್‌ಟಾಪಿಗೇ ಚುಚ್ಚಿ. ನಡುವೆ ಹಬ್ ಇಟ್ಟರೆ ವಿದ್ಯುತ್ ಸಾಲದೆ ಸ್ಕ್ಯಾನ್ ಅರ್ಧಕ್ಕೇ ನಿಲ್ಲುವುದುಂಟು.

ಕೊರತೆ ಇರುವುದು ಸೆನ್ಸರಿನಲ್ಲಿ. ಇದು ಸಿಐಎಸ್ (ಕಾಂಟ್ಯಾಕ್ಟ್ ಇಮೇಜ್ ಸೆನ್ಸರ್) ಜಾತಿಯದು. ಗಾಜಿಗೆ ತಾಗಿಕೊಂಡಿರುವುದಷ್ಟೇ ಸ್ಪಷ್ಟ, ಒಂದೆರಡು ಮಿಲಿಮೀಟರ್ ಮೇಲೆದ್ದರೂ ಮಂಜು. ಇನ್‌ಲ್ಯಾಂಡಿನ ಮಡಿಕೆಯ ಮೇಲೇ ಒಂದು ಸಾಲು ಬರೆದಿರುತ್ತಾರೆ. ಸರಿಯಾಗಿ ಆ ಸಾಲೇ ಹೋಗುತ್ತದೆ. ಹಾಗಂತ ಇಸ್ತ್ರಿ ಹಾಕಬೇಡಿ. ಕಾಗದ ಬಿಡಿಸಿ ಎರಡು ಒತ್ತುಕಾಗದದ ನಡುವೆ ಇಟ್ಟು, ಮೇಲೆ ಭಾರ ಹೇರಿ ಒಂದು ವಾರ ಬಿಡಿ. ಮಳೆಗಾಲದಲ್ಲಿ ಈ ಕೆಲಸ ಬೇಡ, ಬೂಷ್ಟು ಹಿಡಿಯುತ್ತದೆ. ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ.

ತಂತಿಯಲ್ಲಿ ಪೋಣಿಸಿದ ಪತ್ರಗಳ ನಡುವೆ ತೂತು, ತೂತಿನ ಸುತ್ತ ತುಕ್ಕಿನ ಕಂದು ಉಂಗುರ ಇರುತ್ತದೆ. ಅಲ್ಲಿ ಕಾಗದ ಹಪ್ಪಳದಂತೆ. ಮೇಲಿನಿಂದ ಒಂದೊಂದಾಗಿ, ತೂತಿನ ಎರಡೂ ಬದಿ ಬೆರಳಿಟ್ಟು ತೆಗೆಯಿರಿ; ತೆಗೆದ ಕ್ರಮದಲ್ಲೇ ಹಿಂದೆ ಪೆನ್ಸಿಲಿನಲ್ಲಿ ಸಂಖ್ಯೆ ಬರೆಯಿರಿ. ಮೇಲಿನದು ಹೊಸತು, ಅಡಿಯದು ಹಳೆಯದು. ತಾರೀಖಿಲ್ಲದ ಪತ್ರಕ್ಕೆ ಆ ಕ್ರಮವೇ ಸಾಕ್ಷಿ. ತುಕ್ಕಿನ ಪುಡಿ ಗಾಜನ್ನು ಗೀಚುತ್ತದೆ, ಮೆತ್ತನೆಯ ಬ್ರಷ್ಷಿನಿಂದ ಮೊದಲೇ ಕೊಡವಿಬಿಡಿ.

ಸೆಟ್ಟಿಂಗ್ ವಿಷಯ. 2400 ಡಿಪಿಐವರೆಗೆ (ಇಂಚಿಗೆ ಅಷ್ಟು ಚುಕ್ಕಿ) ಹೋಗುತ್ತದೆ, ಪತ್ರಕ್ಕೆ ಅದು ಬೇಡ. ಸಾಮಾನ್ಯ ಬರಹಕ್ಕೆ 300, ಮಾಸಿದ ಶಾಯಿಗೂ ಅಂಚೆ ಮುದ್ರೆಗೂ 600. ಎ4 ಹಾಳೆ ಬಣ್ಣದಲ್ಲಿ, ಕುಗ್ಗಿಸದ ಟಿಫ್ (TIFF) ಫೈಲ್ ಆದರೆ 300ಕ್ಕೆ ಸುಮಾರು 26 ಎಂಬಿ, 600ಕ್ಕೆ 104 ಎಂಬಿ. ಬಣ್ಣದಲ್ಲೇ ತೆಗೆಯಿರಿ. ಲಗ್ನಪತ್ರಿಕೆಯ ಮೂಲೆಗೆ ಹಚ್ಚಿದ ಅರಿಸಿನ ಕಪ್ಪು ಬಿಳುಪಿನಲ್ಲಿ ಕೊಳೆಯಂತೆ ಕಾಣುತ್ತದೆ, ಮೂಲ ಹಾಳೆಯಲ್ಲೂ ಬೆಳಕಿಗೆ ಮಾಸಿ ಹೋಗುತ್ತದೆ. ಹಿಂಬದಿಯ ಅಕ್ಷರ ತೆಳುವಾಗಿಸುವ ಆಯ್ಕೆಯನ್ನು ಆಫ್ ಮಾಡಿಡಿ. ಅದು ಪೆನ್ಸಿಲ್ ಬರಹವನ್ನೂ ಅಳಿಸಬಲ್ಲದು. ಅದರ ಬದಲು ಪತ್ರದ ಬೆನ್ನಿಗೊಂದು ಕಪ್ಪು ಹಾಳೆ ಇಡಿ.

14×9 ಸೆಂಟಿಮೀಟರಿನ ಕಾರ್ಡುಗಳು ಗಾಜಿನ ಮೇಲೆ ನಾಲ್ಕು ಹಿಡಿಸುತ್ತವೆ. ಆದರೆ ಆಟೋ ಸ್ಕ್ಯಾನ್ ಬೇರೆ ಬೇರೆಯಾಗಿ ಕತ್ತರಿಸಬೇಕಾದರೆ ನಡುವೆಯೂ ಅಂಚಿಗೂ ಒಂದೊಂದು ಸೆಂಟಿಮೀಟರ್ ಜಾಗ ಬೇಕು; ನಾಲ್ಕಿಟ್ಟರೆ ಉದ್ದಕ್ಕೆ ಒಟ್ಟು 1.7 ಸೆಂಟಿಮೀಟರ್ ಅಷ್ಟೇ ಉಳಿಯುತ್ತದೆ. ಹಾಗಾಗಿ ಎರಡೆರಡೇ ಇಡಿ. ವಿಳಾಸದ ಬದಿಯನ್ನು ಬಿಡಲೇಬೇಡಿ. ಒಳಗೆ ‘ಶ್ರೀಮುಖ ಸಂವತ್ಸರ’ ಎಂದಷ್ಟೇ ಇದ್ದರೆ ಅದು 1933–34 ಆಗಬಹುದು, 1993–94 ಕೂಡ ಆಗಬಹುದು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ನಮ್ಮಲ್ಲಿ ಎರಡು ತಲೆಮಾರು ಒಂದಾಗಿಬಿಡುತ್ತವೆ. ವಿಳಾಸದ ಬದಿಯಲ್ಲಿ ಅಚ್ಚಾದ ಅಂಚೆಚೀಟಿಯಲ್ಲಿ ರಾಜನ ತಲೆ ಇದೆಯೋ ಇಲ್ಲವೋ ನೋಡಿದರೆ ಜಗಳವೇ ಇಲ್ಲ.

ಫೈಲಿಗೆ ಹೆಸರಿಡುವಾಗ ವರ್ಷ, ತಿಂಗಳು, ದಿನ, ಬರೆದವರು, ಪಡೆದವರು ಈ ಕ್ರಮ ಇರಲಿ. ಒಕ್ಕಣೆಯನ್ನು ಇದ್ದಂತೆಯೇ ಬರೆದುಕೊಳ್ಳಿ: ‘ತೀರ್ಥರೂಪ’ ಎಂದರೆ ತಂದೆ, ‘ತೀರ್ಥರೂಪ ಸಮಾನ’ ಎಂದರೆ ದೊಡ್ಡಪ್ಪನೋ ಮಾವನೋ. ಈ ಒಂದು ಪದ ಬಿಟ್ಟರೆ ವಂಶವೃಕ್ಷದಲ್ಲಿ ಕೊಂಬೆಯೇ ತಪ್ಪಿ ಕೂರುತ್ತದೆ. ಉತ್ತರ ಕರ್ನಾಟಕದವರು, ವಂಶಾವಳಿ ಹೇಳುವ ಹೆಳವರು ಬಂದಾಗ, ಅವರ ಹೊತ್ತಗೆಯ ಹೆಸರುಗಳ ಜೊತೆ ಇದನ್ನು ತಾಳೆ ನೋಡಬಹುದು.

ಸ್ಕ್ಯಾನ್ ಆದ ಮೇಲೆ ಮೂಲ ಪತ್ರಕ್ಕೆ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಬಿಸಿಗೆ ಅಂಟು ಕಾಗದದೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲಾಗದು. ಪಾಲಿಯೆಸ್ಟರ್ ಲಕೋಟೆ ಒಳ್ಳೆಯದು, ಪಿವಿಸಿ ಬೇಡ.

ಇನ್ನು ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಬಳಿದು ಬಳಪದಲ್ಲಿ ಬರೆದ ಕಡತವನ್ನು ಈ ಗಾಜಿನ ಮೇಲೆ ಇಡಲೇಬಾರದು. ಮುಚ್ಚಳ ಒತ್ತಿದರೆ ಅಕ್ಷರ ಗಾಜಿಗೆ ಬಂದುಬಿಡುತ್ತದೆ. ಅದನ್ನು ಮೇಜಿನ ಮೇಲೆ ಹರಡಿ, ಕಿಟಕಿಯ ಪಕ್ಕದ ಬೆಳಕಿನಲ್ಲಿ ಮೇಲಿನಿಂದ ಫೋಟೋ ತೆಗೆಯಿರಿ; ಮಡಿಕೆಗೊಂದು ಫೋಟೋ, ಪಕ್ಕದಲ್ಲೊಂದು ಅಳತೆಪಟ್ಟಿ.