ಗೊತ್ತಿಲ್ದಿರೋ ಬೆಟ್ಟದ ಒಳರಸ್ತೆ ಸುತ್ತೋಕೆ ಬೈಕಾ, ಕಾರಾ?

ಒಂದೇ ದಿನದ ಟ್ರಿಪ್ಪು, ನಾಲ್ಕೈದು ಜನ ಫ್ರೆಂಡ್ಸು, ದಾರಿ ಯಾರಿಗೂ ಗೊತ್ತಿಲ್ಲ ಅಂದ್ರೆ ನನ್ನ ವೋಟು ಬೈಕಿಗೇ, ಯಾಕಂದ್ರೆ ಇಂಥ ರಸ್ತೆ ಎಲ್ಲಿ ಮುಗ್ದೋಗುತ್ತೋ ಹೇಳಕ್ಕಾಗಲ್ಲ, ಬೈಕಾದ್ರೆ ನಿಂತಲ್ಲೇ ತಿರುಗಿಸ್ಕೊಂಡು ಬರ್ಬೋದು, ಕಾರಾದ್ರೆ ಒಂದ್ಕಡೆ ಗುಡ್ಡ ಒಂದ್ಕಡೆ ಪ್ರಪಾತ ಇಟ್ಕೊಂಡು ಅರ್ಧ ಕಿಲೋಮೀಟರ್ ರಿವರ್ಸ್ ಹೊಡೀಬೇಕು, ಹಿಂದೆ ಒಬ್ಬ ಇಳಿದು "ಬಾ ಬಾ, ಸ್ಟಾಪ್ ಸ್ಟಾಪ್" ಅಂತ ಕೂಗ್ತಾ ಇರ್ಬೇಕು. ಎದುರಿಗೆ ಗಾಡಿ ಬಂದ್ರೂ ಇದೇ ಕಥೆ, ಹತ್ತೋ ಗಾಡಿಗೆ ದಾರಿ ಬಿಡೋದು ರೂಢಿ.

ಆದ್ರೆ ಮಳೆ, ಮಂಜು ಇದ್ರೆ ಕಾರೇ ಸರಿ. ತಿರುವಲ್ಲಿ ಚೆಲ್ಲಿರೋ ಜಲ್ಲಿ, ಒದ್ದೆ ಎಲೆ ಮೇಲೆ ಮುಂದಿನ ಬ್ರೇಕ್ ಜೋರಾಗಿ ಹಿಡಿದ್ರೆ ಬೈಕ್ ಮಲಗೇ ಬಿಡುತ್ತೆ. ಹಿಂದೆ ಬರೋನು ಕಾಣೆಯಾದ್ರೆ ಫೋನೂ ಸಿಗಲ್ಲ, ಪ್ರತಿ ಕವಲಲ್ಲೂ ನಿಂತು ಕಾಯ್ಬೇಕು. ಕಾರಲ್ಲಿ ಆ ತಲೆನೋವಿಲ್ಲ, ಹರಟೆನೂ ಫ್ರೀ, ವಾಂತಿ ಬರೋರು ಮುಂದೆ ಕೂತ್ಕೊಳ್ಳಲಿ.

ಯಾವ್ದೇ ತಗೊಂಡ್ರೂ ಇಳಿಜಾರಲ್ಲಿ ಕೆಳಗಿನ ಗೇರೇ, ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸ್ತೀನಿ ಅನ್ನೋ ಮಹಾನುಭಾವರಿಗೆ ಕೀ ಕೊಡ್ಬೇಡಿ, ಬ್ರೇಕ್ ಕಾದು ಹಿಡಿಯೋದೇ ಕಮ್ಮಿಯಾಗುತ್ತೆ. ಮ್ಯಾಪ್ ಮೊದ್ಲೇ ಡೌನ್‌ಲೋಡ್ ಮಾಡಿಡಿ, ನೆಟ್‌ವರ್ಕ್ ಇಲ್ದಿದ್ರೂ ಜಿಪಿಎಸ್ ಕೆಲ್ಸ ಮಾಡುತ್ತೆ.