ನಿಂಬೆ-ಸಕ್ಕರೆ ಪ್ಯಾನ್‌ಕೇಕ್ ರುಚಿಯ ವೇಪ್ ಜ್ಯೂಸ್ ಬೆರೆಸಲು ಹೊರಟಿದ್ದೀರಾ? ಮೊದಲು ಆ ಬೆಣ್ಣೆ ಎಸೆನ್ಸ್ ಕೆಳಗಿಡಿ

ಬ್ರಿಟನ್ನಿನಲ್ಲಿ ಈಸ್ಟರ್ ಮುಂಚಿನ ಉಪವಾಸ ಶುರುವಾಗುವ ಹಿಂದಿನ ದಿನ, ಮಂಗಳವಾರ, ಮನೆಮನೆಯಲ್ಲೂ ಪ್ಯಾನ್‌ಕೇಕ್ ಹುಯ್ಯುತ್ತಾರೆ. ಅಮೆರಿಕದವರು ಒಂದರ ಮೇಲೊಂದು ಪೇರಿಸುವ ದಪ್ಪನೆಯದಲ್ಲ. ನೀರುದೋಸೆಯಷ್ಟು ತೆಳು, ಆದರೆ ಹಿಟ್ಟು ಮೈದಾ, ಹಾಲು, ಮೊಟ್ಟೆಯದು. ಬಿಸಿ ಇರುವಾಗಲೇ ಸಕ್ಕರೆ ಉದುರಿಸಿ, ನಿಂಬೆ ಹಿಂಡಿ, ಸುರುಳಿ ಸುತ್ತಿ ತಿನ್ನುತ್ತಾರೆ. ಸಿಗರೇಟು ಬಿಟ್ಟು ವೇಪಿಗೆ, ಅಂದರೆ ದ್ರವ ಕಾಯಿಸಿ ಆವಿ ಸೇದುವ ಇ-ಸಿಗರೇಟಿಗೆ ಬಂದು, ಅದಕ್ಕೆ ತುಂಬುವ ದ್ರವವಾದ ಜ್ಯೂಸಿನ ಅಂಗಡಿ ಬೆಲೆ ನೋಡಿ ಮನೆಯಲ್ಲೇ ಬೆರೆಸಲು ಕೂತವರಿಗೆ ಈ ರುಚಿ ಎಂದೂ ಮುಗಿಯದ ಚಟ. 2026ರ ಅಕ್ಟೋಬರ್ 1ರಿಂದ ಅಲ್ಲಿ ಪ್ರತಿ 10 ಮಿ.ಲೀ. ಜ್ಯೂಸಿಗೆ 2.20 ಪೌಂಡ್ ತೆರಿಗೆ ನಿಗದಿಯಾಗಿರುವುದರಿಂದ ಬೆರೆಸುವವರು ಹೆಚ್ಚುವುದೂ ಸಹಜ. ಅಲ್ಲಿರುವ ಕನ್ನಡಿಗರೂ ಇದಕ್ಕೆ ಹೊರತಲ್ಲ.

ಊರಲ್ಲಿ ಕೂತು ಓದುತ್ತಿರುವವರಿಗೆ ಮೊದಲೇ ಹೇಳಿಬಿಡಬೇಕು: ಭಾರತದಲ್ಲಿ ಇದಕ್ಕೆ ಜಾಗವೇ ಇಲ್ಲ. ಕರ್ನಾಟಕ 2016ರಲ್ಲೇ ನಿಷೇಧಿಸಿತ್ತು. 2019ರ ಕೇಂದ್ರ ಕಾಯ್ದೆಯ ಪ್ರಕಾರ ಇ-ಸಿಗರೇಟಿನ ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ನಿಕೋಟಿನ್ ಇರಲಿ ಬಿಡಲಿ, ಇಡೀ ಸಾಧನವಿರಲಿ ಬಿಡಿಭಾಗವಿರಲಿ, ವ್ಯತ್ಯಾಸವಿಲ್ಲ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ರಜೆಗೆ ಬರುವವರು ಸೂಟ್‌ಕೇಸಿನಲ್ಲಿ ಎರಡು ಬಾಟಲಿ ಹಾಕಿಕೊಂಡು ಬಂದರೆ ಅದೂ ಆಮದೇ.

ಈಗ ಹೀಗೆ ಮನೆಯಲ್ಲಿ ಬೆರೆಸಿ ಹಾಳಾದ ಒಂದು ಬಾಟಲಿಯ ವಿಚಾರ. 100 ಮಿ.ಲೀ., ಬೇಸ್ ಅಂದರೆ ಮೂಲದ್ರವದಲ್ಲಿ ಗ್ಲಿಸರಿನ್ 70 ಪಾಲು, ಪ್ರೊಪಿಲೀನ್ ಗ್ಲೈಕಾಲ್ 30 ಪಾಲು. ಒಳಗೆ ಹೋದದ್ದು: ಪ್ಯಾನ್‌ಕೇಕ್ ಕಾನ್ಸಂಟ್ರೇಟ್ (ಗಾಢ ಎಸೆನ್ಸ್) ಶೇ. 6, ವೆನಿಲಾ ಕಸ್ಟರ್ಡ್ ಶೇ. 4, ಬೆಣ್ಣೆ ಶೇ. 3, ನಿಂಬೆ ಶೇ. 3, ಸುಕ್ರಲೋಸ್ ಸಿಹಿ ಶೇ. 2, ಅಸಿಟೈಲ್ ಪೈರಜಿನ್‌ನ ಶೇ. 5ರ ದ್ರಾವಣ ಶೇ. 1.5, ಸಿಹಿ ವಾಸನೆಯ ಈಥೈಲ್ ಮಾಲ್ಟಾಲ್ ಶೇ. 1. ಒಟ್ಟು ಸುವಾಸನೆಯೇ ಶೇ. 20.5. ಓದುವಾಗಲೇ ಬಾಯಲ್ಲಿ ನೀರೂರುವ ಪಟ್ಟಿ. ಆದರೆ ಬೆರೆಸಿದ ದಿನ ಬಂದದ್ದು ಪಾತ್ರೆ ತೊಳೆಯುವ ನಿಂಬೆ ಸೋಪಿನ ಘಾಟು. ಮೂರನೇ ದಿನ ಸೋಪು ತಗ್ಗಿ ಜೋಳದ ಚಿಪ್ಸ್ ಮುಂದೆ ಬಂತು. ಹತ್ತನೇ ದಿನ ಮುಚ್ಚಳ ತೆಗೆದರೆ, ಮಗು ಹಾಲು ಕಕ್ಕಿದ ಬಟ್ಟೆಯನ್ನು ಬಕೆಟ್‌ನಲ್ಲಿ ಮರೆತರೆ ಬರುತ್ತದಲ್ಲ, ಆ ವಾಸನೆ. ಐದಾರು ಮಿ.ಲೀ. ಸೇದುವಷ್ಟರಲ್ಲಿ ಜ್ಯೂಸ್ ಕಾಯಿಸುವ ತಂತಿಸುರುಳಿ, ಅಂದರೆ ಕಾಯಿಲ್, ಬೆಲ್ಲದ ಪಾಕ ಅಡಿ ಹಿಡಿದ ಬಾಣಲೆಯಂತೆ ಕಪ್ಪು.

ಎಲ್ಲಕ್ಕಿಂತ ದೊಡ್ಡ ತಪ್ಪು ಬೆಣ್ಣೆಯದು. ಬೆಣ್ಣೆದೋಸೆ ಅಂಗಡಿಯ ಮುಂದೆ ನಿಂತಾಗ ಮೂಗಿಗೆ ಹೊಡೆಯುವುದು ಹಸಿ ಬೆಣ್ಣೆಯ ವಾಸನೆಯಲ್ಲ. ಕಾದ ಕಾವಲಿಯ ಮೇಲೆ ಬೆಣ್ಣೆಯೊಳಗಿನ ಹಾಲಿನಂಶ ಕಂದಿ, ಹಿಟ್ಟಿನ ಅಂಚು ಕೆಂಪಾಗಿ ಹುಟ್ಟುವ ವಾಸನೆ. ತೆಳು ಪ್ಯಾನ್‌ಕೇಕಿನ ಗುಟ್ಟೂ ಇಷ್ಟೇ. ಬೆಣ್ಣೆ ಎಸೆನ್ಸ್ ಕೊಡುವುದು ಹಸಿ ಬೆಣ್ಣೆಯನ್ನು. ಎಷ್ಟು ಸುರಿದರೂ ಕಾವಲಿ ಕಾಯುವುದಿಲ್ಲ.

ರುಚಿ ಕೆಟ್ಟರೆ ಚೆಲ್ಲಬಹುದು, ಶ್ವಾಸಕೋಶ ಕೆಟ್ಟರೆ? ಬೆಣ್ಣೆಯ ಎಸೆನ್ಸ್ ಮಾಡುವ ಹಳೆಯ ದಾರಿ ಎಂದರೆ ಡೈಅಸಿಟೈಲ್ ಎಂಬ ರಾಸಾಯನಿಕ. ಅಮೆರಿಕದ ಮಿಸೌರಿಯ ಜಾಸ್ಪರ್‌ನಲ್ಲಿ ಮೈಕ್ರೋವೇವ್ ಪಾಪ್‌ಕಾರ್ನ್ ಕಾರ್ಖಾನೆಯ ಎಂಟು ಮಾಜಿ ಕೆಲಸಗಾರರಿಗೆ ಶ್ವಾಸಕೋಶದ ಸಣ್ಣ ನಾಳಗಳೇ ಗಾಯಗೊಂಡು ಕಟ್ಟಿಕೊಳ್ಳುವ ಕಾಯಿಲೆ ಇದೆಯೆಂದು 2000ದಲ್ಲಿ ಬೆಳಕಿಗೆ ಬಂತು. ಅವರು ಉಸಿರಾಡಿದ್ದು ಇದೇ ಬೆಣ್ಣೆ ಸುವಾಸನೆಯ ಆವಿಯನ್ನು. ತಿಂದರೆ ತೊಂದರೆಯಿಲ್ಲದ್ದು, ಉಸಿರಿಗೆ ಹೋದರೆ ಬೇರೆಯೇ. ಕಾರ್ಖಾನೆಯ ಹಂಡೆಯ ಮುಂದೆ ನಿಂತವರ ಪ್ರಮಾಣವೂ ವೇಪ್ ಸೇದುವವರ ಪ್ರಮಾಣವೂ ಒಂದೇ ಅಲ್ಲ, ಸಿಗರೇಟಿನ ಹೊಗೆಯಲ್ಲೂ ಡೈಅಸಿಟೈಲ್ ಇದೆ, ನಿಜ. ಹಾಗೆಂದು ಬೇಡದ್ದನ್ನು ನಾವೇ ದುಡ್ಡು ಕೊಟ್ಟು ಅಳೆದು ಸುರಿದುಕೊಳ್ಳಬೇಕೇ? ಹಾರ್ವರ್ಡ್‌ನವರು 2015ರಲ್ಲಿ 51 ಬಗೆಯ ಸುವಾಸನೆಯ ಇ-ಸಿಗರೇಟು ಪರೀಕ್ಷಿಸಿದಾಗ 39ರಲ್ಲಿ ಡೈಅಸಿಟೈಲ್ ಸಿಕ್ಕಿತ್ತು.

ಇಷ್ಟು ಗೊತ್ತಿದ್ದವರೂ ಮುಂದಿನ ಹೆಜ್ಜೆಯಲ್ಲಿ ಎಡವುತ್ತಾರೆ. ಲೇಬಲ್ಲಿನ ಮೇಲೆ ‘ಡೈಅಸಿಟೈಲ್ ರಹಿತ’ ಎಂದಿದ್ದರೆ ನಿಶ್ಚಿಂತೆ ಅಂದುಕೊಳ್ಳುತ್ತಾರೆ. ಅದರ ಬದಲಿಗೆ ಹಾಕುವ ಅಸಿಟೈಲ್ ಪ್ರೊಪಿಯೊನಿಲ್ ಕೂಡ ಅದೇ ಕುಲದ್ದು, ಹಾನಿಯೂ ಅದೇ ಜಾತಿಯದು. ಇನ್ನೊಂದು ಬದಲಿ ಅಸಿಟೋಯಿನ್. ಬಾಟಲಿಯಲ್ಲಿ ಕೂತಂತೆ ಅದರ ಒಂದು ಪಾಲು ಡೈಅಸಿಟೈಲ್ ಆಗಿ ತಿರುಗುತ್ತದೆ, ಕ್ಷಾರಗುಣದ ನಿಕೋಟಿನ್ ಜೊತೆಗಿದ್ದರೆ ಇನ್ನೂ ಬೇಗ. ಮೂರನ್ನೂ ಬಿಟ್ಟವರು ಬೆಣ್ಣೆತನಕ್ಕೆ ಬ್ಯುಟಿರಿಕ್ ಆಮ್ಲ ಹಾಕುತ್ತಾರೆ. ಕಮಟು ತುಪ್ಪದ ವಾಸನೆ, ವಾಂತಿಯ ವಾಸನೆ ಎರಡಕ್ಕೂ ಈ ಆಮ್ಲವೇ ಮೂಲ. ತೀರಾ ಕಡಿಮೆ ಇದ್ದರೆ ಕೆನೆಯ ಹಾಗೆ, ಚೂರು ಹೆಚ್ಚಾದರೆ ಕಕ್ಕಿದ ಹಾಗೆ. ಹತ್ತನೇ ದಿನದ ಬಕೆಟ್ ವಾಸನೆ ಬಂದದ್ದು ಇಲ್ಲಿಂದಲೇ: ಬೆಣ್ಣೆಯಲ್ಲೂ ಕಸ್ಟರ್ಡಿನಲ್ಲೂ ಇದೇ ಆಮ್ಲವಿತ್ತು, ಅದನ್ನು ಮುಚ್ಚಿದ್ದ ನಿಂಬೆ ಅಷ್ಟರಲ್ಲಿ ಆರಿಹೋಗಿತ್ತು.

ಆದ್ದರಿಂದ ಕೊಳ್ಳುವ ಮುಂಚೆ ಆ ಎಸೆನ್ಸಿನ ಸುರಕ್ಷತಾ ಮಾಹಿತಿ ಪತ್ರ ಕೇಳಿ, ಹೆಸರು ನೋಡಬೇಡಿ, ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ, ಅಂದರೆ ಕ್ಯಾಸ್ ಸಂಖ್ಯೆ ನೋಡಿ. ಹೆಸರು ಹತ್ತಾರು ರೂಪದಲ್ಲಿರುತ್ತದೆ, ಸಂಖ್ಯೆ ಒಂದೇ. ಡೈಅಸಿಟೈಲ್ 431-03-8, ಅಸಿಟೈಲ್ ಪ್ರೊಪಿಯೊನಿಲ್ 600-14-6, ಅಸಿಟೋಯಿನ್ 513-86-0. ಈ ಮೂರರಲ್ಲಿ ಒಂದಿದ್ದರೂ ಬೇಡ. ಬ್ಯುಟಿರಿಕ್ ಆಮ್ಲ 107-92-6. ಇದು ಕಂಡರೆ ಇನ್ನೊಂದು ಕೆನೆ ಎಸೆನ್ಸ್ ಜೊತೆ ಸೇರಿಸಬೇಡಿ. ಪತ್ರ ಕೊಡಲು ಹಿಂದೇಟು ಹಾಕುವ ಅಂಗಡಿಯಿಂದ ಬೆಣ್ಣೆ, ಕಸ್ಟರ್ಡ್, ಕೆನೆ ಜಾತಿಯ ಯಾವುದನ್ನೂ ತರಬೇಡಿ. ಪತ್ರ ಸರಿಯಿದ್ದರೂ ಒಂದು ಮಾತು ನೆನಪಿರಲಿ: ‘ಆಹಾರಕ್ಕೆ ಸುರಕ್ಷಿತ’ ಎಂಬ ಮುದ್ರೆ ಹೊಟ್ಟೆಯ ಲೆಕ್ಕದ್ದು, ಶ್ವಾಸಕೋಶದ ಲೆಕ್ಕದ್ದಲ್ಲ. ಸಿಗರೇಟೇ ಸೇದದವರು ರುಚಿಗೋಸ್ಕರ ಇದಕ್ಕೆ ಕೈಹಾಕುವುದು ಶುದ್ಧ ದಡ್ಡತನ.

ಜೋಳದ ಚಿಪ್ಸ್ ಎಲ್ಲಿಂದ ಬಂತು? ಅಸಿಟೈಲ್ ಪೈರಜಿನ್‌ನಿಂದ. ಕಂದಿದ ಅಂಚು, ಹುರಿದ ಹಿಟ್ಟಿನ ವಾಸನೆ ಕೊಡುವುದು ಇದೇ, ಈ ರುಚಿಗೆ ನಿಜವಾಗಿ ಬೇಕಾದದ್ದೂ ಇದೇ. ಆದರೆ ಶೇ. 5ರ ದ್ರಾವಣವನ್ನು ಶೇ. 0.3ರ ಆಸುಪಾಸಿನಲ್ಲಿ ಹಾಕಬೇಕು. ಶೇ. 1 ದಾಟಿದರೆ ಪ್ಯಾನ್‌ಕೇಕ್ ಹೋಗಿ ಪಾಪ್‌ಕಾರ್ನ್, ಚಿಪ್ಸ್ ಬರುತ್ತದೆ; ಇಲ್ಲಿ ಹೋದದ್ದು ಐದು ಪಟ್ಟು. ಕಾರಣ ಹನಿ ಲೆಕ್ಕ. ‘20 ಹನಿ ಅಂದರೆ 1 ಮಿ.ಲೀ.’ ಎನ್ನುವುದು ಡ್ರಾಪರ್ ಬದಲಾದರೆ ಬದಲಾಗುವ ಲೆಕ್ಕ. 10 ಮಿ.ಲೀ. ಬಾಟಲಿಗೆ ಶೇ. 0.3 ಎಂದರೆ 0.03 ಗ್ರಾಂ, ಹೆಚ್ಚುಕಡಿಮೆ ಒಂದೇ ಹನಿ. ಕೈ ನಡುಗಿ ಎರಡು ಬಿದ್ದರೆ ಇಮ್ಮಡಿ. 0.01 ಗ್ರಾಂ ತೂಗುವ ತಕ್ಕಡಿಯೂ ಇಲ್ಲಿ ಮೂರರಲ್ಲೊಂದು ಪಾಲು ತಪ್ಪು ತೋರಿಸಬಹುದು. ಪರಿಹಾರ ಸುಲಭ: 1 ಗ್ರಾಂ ಎಸೆನ್ಸಿಗೆ 9 ಗ್ರಾಂ ಪ್ರೊಪಿಲೀನ್ ಗ್ಲೈಕಾಲ್ ಸೇರಿಸಿ ತೆಳು ಮಾಡಿ, ಬಾಟಲಿಯ ಮೇಲೆ ‘ಹತ್ತರಲ್ಲೊಂದು’ ಎಂದು ಬರೆದಿಡಿ. ಆಮೇಲೆ ತೂಗಬೇಕಾದದ್ದು 0.30 ಗ್ರಾಂ.

ಪ್ಯಾನ್‌ಕೇಕ್ ಎಂಬ ಹೆಸರಿನ ಕಾನ್ಸಂಟ್ರೇಟ್ ತೆಳು ಪ್ಯಾನ್‌ಕೇಕಿಗೆ ಆಗುವುದೇ ಇಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಅವು ಸಾಮಾನ್ಯವಾಗಿ ಅಮೆರಿಕದ ದಪ್ಪ ಪ್ಯಾನ್‌ಕೇಕ್, ಒಳಗೇ ಮೇಪಲ್ ಪಾಕದ ಸಿಹಿ. ಅದಕ್ಕೆ ನಿಂಬೆ ಹಿಂಡಿದರೆ ಕೆಮ್ಮಿನ ಔಷಧಿ. ಕರಿದ ಹಿಟ್ಟಿನ ರುಚಿಯವು ಹತ್ತಿರ ಬರುತ್ತವೆ.

ನಿಂಬೆ ಮೇಲುವಾಸನೆ, ಎಲ್ಲಕ್ಕಿಂತ ಮೊದಲು ಹಾರಿಹೋಗುತ್ತದೆ. ಈ ಬಾಟಲಿಯನ್ನು ‘ಬೇಗ ಹಣ್ಣಾಗಲಿ’ ಎಂದು ಮುಚ್ಚಳ ತೆಗೆದು ಬಿಸಿನೀರಿನಲ್ಲಿ ನಿಲ್ಲಿಸಿದ್ದರಿಂದ ಅದು ಇನ್ನೂ ಬೇಗ ಹಾರಿತು, ನಿಕೋಟಿನ್ ಗಾಳಿ ಬಿಸಿ ಎರಡಕ್ಕೂ ಸಿಕ್ಕು ಕಂದಿತು. ಕಸ್ಟರ್ಡ್ ಇರುವ ಜ್ಯೂಸಿಗೆ ಎರಡರಿಂದ ನಾಲ್ಕು ವಾರ ಕತ್ತಲ ಕಪಾಟು ಬೇಕು, ಅಡ್ಡದಾರಿ ಇಲ್ಲ. ನಿಂಬೆಯನ್ನು ಕೊನೆಯ ವಾರ ಸೇರಿಸುವುದು ಮೇಲು. ನಿಂಬೆ ಕಿತ್ತಳೆ ಎಸೆನ್ಸುಗಳು ಜ್ಯೂಸ್ ತುಂಬುವ ಕೆಲವು ಪ್ಲಾಸ್ಟಿಕ್ ಟ್ಯಾಂಕುಗಳನ್ನು ಸೀಳುತ್ತವೆ ಕೂಡ. ಗಾಜಿನ ಟ್ಯಾಂಕ್ ಇರಲಿ.

ಸಿಹಿಯ ಬಗ್ಗೆ ಎರಡೇ ಮಾತು. ಸುಕ್ರಲೋಸ್ ಆವಿಯಾಗದೆ ಕಾಯಿಲ್ ಮೇಲೆ ಕರಕಲಾಗುತ್ತದೆ, ಈಥೈಲ್ ಮಾಲ್ಟಾಲ್ ಹೆಚ್ಚಾದರೆ ಉಳಿದೆಲ್ಲ ರುಚಿಗೂ ಕಂಬಳಿ ಹೊದಿಸುತ್ತದೆ.

ಈಗ ನಿಜವಾಗಿ ಹೆದರಬೇಕಾದ ವಿಷಯ, ಅಡುಗೆಮನೆ. ‘ಎಸೆನ್ಸ್ ಯಾಕೆ, ಸ್ವಲ್ಪ ಕರಗಿಸಿದ ತುಪ್ಪ, ನಿಂಬೆ ಸಿಪ್ಪೆಯ ಎಣ್ಣೆ, ಕೇಕಿಗೆ ಹಾಕುವ ಬಟರ್ ಎಮಲ್ಶನ್ ಹಾಕಿದರಾಯಿತು’ ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಎಣ್ಣೆ, ಜಿಡ್ಡು ಯಾವುದೇ ರೂಪದಲ್ಲಿ ಶ್ವಾಸಕೋಶಕ್ಕಿಳಿದರೆ ಅಲ್ಲಿಂದ ಹೊರಬರುವುದು ಬಲು ಕಷ್ಟ. ಜಿಡ್ಡಿನ ನ್ಯುಮೋನಿಯಾ ಆಗಬಹುದು. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರು ಸಾಲಾಗಿ ಆಸ್ಪತ್ರೆ ಸೇರಿದರು. 2020ರ ಫೆಬ್ರುವರಿಯ ಹೊತ್ತಿಗೆ 2,807 ಪ್ರಕರಣ, 68 ಸಾವು. ಬಹುಪಾಲು ಮಂದಿ ಸೇದಿದ್ದು ಗಾಂಜಾದ ಸಾರವಿದ್ದ ಕಳ್ಳಮಾಲು. ಅದನ್ನು ಮಂದ ಮಾಡಲು ಬೆರೆಸಿದ್ದು ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆ. 51 ರೋಗಿಗಳ ಶ್ವಾಸಕೋಶ ತೊಳೆದ ದ್ರವ ನೋಡಿದಾಗ 48 ಜನರಲ್ಲಿ ಅದು ಸಿಕ್ಕಿತು. ಚರ್ಮಕ್ಕೆ ಹಚ್ಚಿದರೆ, ನುಂಗಿದರೆ ಏನೂ ಮಾಡದ ವಸ್ತು ಅದು. ಎಸೆನ್ಸ್ ಬಾಟಲಿಯ ಮೇಲೆ ‘ಎಣ್ಣೆ’, ‘ಎಮಲ್ಶನ್’ ಎಂದಿದ್ದರೆ, ಅಥವಾ ನೀರಿಗೆ ಒಂದು ಹನಿ ಬಿಟ್ಟಾಗ ಮೇಲೆ ಕಣ್ಣು ಕಟ್ಟಿದರೆ, ಅದು ಕೇಕಿಗೆ ಮಾತ್ರ. ಸಕ್ಕರೆ, ಜೇನು, ನಿಂಬೆರಸವೂ ಬೇಡ. ಸಕ್ಕರೆ ಕಾಯಿಲ್ ಮೇಲೆ ಸುಟ್ಟು ಬರುವುದು ಕ್ಯಾರಮೆಲ್ ಪರಿಮಳವಷ್ಟೇ ಅಲ್ಲ, ಫಾರ್ಮಾಲ್ಡಿಹೈಡ್ ಕೂಡ.

ಇಷ್ಟೆಲ್ಲ ಓದಿಯೂ ಬ್ರಿಟನ್ನಿನಂಥ ಕಡೆ ಕೂತು ಬೆರೆಸಿಯೇ ತೀರುವವರು 100 ಮಿ.ಲೀ.ಗೆ ಕೈಹಾಕದೆ 10 ಮಿ.ಲೀ. ಮಾಡಿ, ಮೊದಲ ಸಲ ನಿಕೋಟಿನ್ ಇಲ್ಲದೆ. ಬೆಣ್ಣೆ ಬೇಡವೇ ಬೇಡ. ಖಾಲಿ ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಕರಿದ ಹಿಟ್ಟಿನ ರುಚಿ 0.10 ಗ್ರಾಂ, ಪತ್ರ ನೋಡಿ ತಂದ ಕಸ್ಟರ್ಡ್ 0.15, ತೆಳು ಮಾಡಿದ ಅಸಿಟೈಲ್ ಪೈರಜಿನ್ 0.30, ನಿಂಬೆ 0.10, ಪ್ರೊಪಿಲೀನ್ ಗ್ಲೈಕಾಲ್ 2.44, ಗ್ಲಿಸರಿನ್ 8.82 ಗ್ರಾಂ. ಪ್ರತಿ ಬಾರಿಯೂ ಸೊನ್ನೆ ಮಾಡಿಯೇ ಮುಂದಿನದು. ಕೊನೆಗೆ ಒಟ್ಟು 11.91 ಗ್ರಾಂ ಬರಬೇಕು. ಬರದಿದ್ದರೆ ಎಲ್ಲೋ ಕೈ ತಪ್ಪಿದೆ. ಗ್ಲಿಸರಿನ್ 1 ಮಿ.ಲೀ.ಗೆ 1.26 ಗ್ರಾಂ ತೂಗುತ್ತದೆ, ಮಿ.ಲೀ. ಮತ್ತು ಗ್ರಾಂ ಒಂದೇ ಅಂದುಕೊಂಡು 7 ಗ್ರಾಂ ಹಾಕಿದವರ ಜ್ಯೂಸ್ ತೆಳುವಾಗಿ ಟ್ಯಾಂಕಿನ ಅಡಿಯಿಂದ ಸೋರುತ್ತದೆ. ಬಾಯಿಗೆ ಹಸಿಹಿಟ್ಟು ಅನ್ನಿಸಿದರೆ ಕಸ್ಟರ್ಡ್ ಇಳಿಸಿ, ಚಪ್ಪೆ ಅನ್ನಿಸಿದರೆ ಎರಡು ವಾರ ಕಾಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ನಿಕೋಟಿನ್ ಲೆಕ್ಕದಲ್ಲಿ ಆಟ ಬೇಡ. ಬ್ರಿಟನ್ನಿನಲ್ಲಿ ಮಾರುವ ನಿಕೋಟಿನ್ ಮಿ.ಲೀ.ಗೆ 20 ಮಿ.ಗ್ರಾಂ ಮೀರುವಂತಿಲ್ಲ, ಬಾಟಲಿ 10 ಮಿ.ಲೀ. ಮೀರುವಂತಿಲ್ಲ. 18ರ ಒಂದು ಬಾಟಲಿಯನ್ನು 50 ಮಿ.ಲೀ. ಜ್ಯೂಸಿಗೆ ಹಾಕಿದರೆ 60 ಮಿ.ಲೀ., ಅಂದರೆ ಮಿ.ಲೀ.ಗೆ 3 ಮಿ.ಗ್ರಾಂ. ಹೊರದೇಶದಿಂದ ತರಿಸುವ 100ರ ಬಾಟಲಿಯನ್ನು ಇದೇ ಅಳತೆಯಲ್ಲಿ ಸುರಿದರೆ ಹದಿನೇಳು ಸಮೀಪ. 2014ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಫೋರ್ಟ್ ಪ್ಲೇನ್‌ನಲ್ಲಿ ಒಂದು ಪುಟ್ಟ ಮಗು ದ್ರವ ನಿಕೋಟಿನ್ ನುಂಗಿ ತೀರಿಕೊಂಡಿತು. ಕೈಗವಸು ಹಾಕಿ, ಮಕ್ಕಳು ತೆಗೆಯಲಾಗದ ಮುಚ್ಚಳದ ಬಾಟಲಿಯಲ್ಲಿಡಿ, ಫ್ರಿಜ್ಜಿನಲ್ಲಿ ಕುಡಿಯುವ ಜ್ಯೂಸ್ ಪಕ್ಕ ಇಡಬೇಡಿ. ಚರ್ಮಕ್ಕೆ ಬಿದ್ದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆಯಿರಿ. ಮಗು ನುಂಗಿದರೆ ವಾಂತಿ ಮಾಡಿಸಲು ಹೋಗದೆ, ಲಕ್ಷಣಕ್ಕೂ ಕಾಯದೆ ಬ್ರಿಟನ್ನಿನ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ, ಬಾಟಲಿ ಕೈಯಲ್ಲೇ ಇರಲಿ.

ಹಾಳಾದ ಬಾಟಲಿಯನ್ನು ಸರಿಪಡಿಸಬಹುದೇ ಎಂದು ಕೇಳುತ್ತಾರೆ. ಒಂದಕ್ಕೆ ನಾಲ್ಕು ಪಾಲು ಖಾಲಿ ಬೇಸ್ ಸೇರಿಸಿದರೆ ಚಿಪ್ಸ್ ತಗ್ಗುತ್ತದೆ, ಕಕ್ಕಿದ ವಾಸನೆ ತಗ್ಗುವುದಿಲ್ಲ. ನಿಕೋಟಿನ್ ಇರುವುದರಿಂದ ಸಿಂಕಿಗೆ ಚೆಲ್ಲುವಂತಿಲ್ಲ. ಮುಚ್ಚಳ ಬಿಗಿದು, ಲೇಬಲ್ ಅಂಟಿಸಿ, ಊರಿನ ಕಸ ಸಂಗ್ರಹ ಕೇಂದ್ರದಲ್ಲಿ ಅಪಾಯಕಾರಿ ಕಸ ತೆಗೆದುಕೊಳ್ಳುವವರ ಕೈಗೆ ಕೊಡಿ. ಕಪ್ಪಾದ ಕಾಯಿಲ್ ತೊಳೆಯಲು ಕೂರಬೇಡಿ. ಅದರೊಳಗಿನ ಹತ್ತಿಯಲ್ಲಿ ಕೂತ ಬೆಣ್ಣೆ ವಾಸನೆ ಮುಂದಿನ ಮೂರು ಜ್ಯೂಸಿಗೂ ಬರುತ್ತದೆ.