ಒಂದು ಲೀಟರ್ ಡಬ್ಬ, ಹತ್ತು ಲೀಟರ್ ಡಬ್ಬ

ಪುಸ್ತಕಗಳ ಪುಟವಿನ್ಯಾಸ ನನ್ನ ಹೊಟ್ಟೆಪಾಡು, ಆಗಾಗ ಚಿಕ್ಕಪುಟ್ಟ ವಿಡಿಯೊ ಎಡಿಟಿಂಗ್ ಕೂಡ. ಬೆಂಗಳೂರಿನ ಬಾಡಿಗೆ ಮನೆಯ ನಾಲ್ಕಡಿ ಮೇಜಿನಲ್ಲಿ ಅರ್ಧ ಪಿಯುಸಿ ಓದುವ ಮಗಳ ಪಾಲಾದ ಮೇಲೆ ಹಳೆಯ ಟವರ್‌ಗೆ, ಅಂದರೆ ನಿಲ್ಲಿಸಿಡುವ ದೊಡ್ಡ ಕಂಪ್ಯೂಟರ್ ಪೆಟ್ಟಿಗೆಗೆ, ಜಾಗವಿಲ್ಲದಾಯಿತು. ಹೀಗಾಗಿ ಒಂದೂವರೆ ವರ್ಷದಲ್ಲಿ ಎರಡು ಬಗೆಯ ಪುಟಾಣಿ ಡೆಸ್ಕ್‌ಟಾಪ್ ಬಳಸಿ ನೋಡಿದೆ.

ಮೊದಲನೆಯದು ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡ್‌ನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ 'ಒಂದು ಲೀಟರ್' ಪಿಸಿ. ಲೆನೊವೊ ಟೈನಿ, ಡೆಲ್ ಮೈಕ್ರೋ, ಎಚ್‌ಪಿ ಮಿನಿ ಎಂದೆಲ್ಲ ಕಚೇರಿಗಳಿಗೆ ಮಾರುವ ಜಾತಿ ಇದು. ಲೀಸ್ ಮುಗಿದಾಗ ರಾಶಿರಾಶಿಯಾಗಿ ಅಂಗಡಿಗೆ ಬಂದು ಬೀಳುತ್ತವೆ. ಉದ್ದಗಲ ಸುಮಾರು 18 ಸೆಂ.ಮೀ., ದಪ್ಪ ಮೂರೂವರೆ; ಒಟ್ಟು ಗಾತ್ರ ಹೆಚ್ಚುಕಡಿಮೆ ಒಂದು ಲೀಟರ್, ಅದಕ್ಕೇ ಆ ಹೆಸರು. ವಿಂಡೋಸ್ 11 ಒಪ್ಪದೆ ಹೋದೀತೆಂಬ ಚಿಂತೆ ಬೇಡವೆಂದು ಇಂಟೆಲ್‌ನ 8ನೇ ತಲೆಮಾರಿನ ಪ್ರೊಸೆಸರೇ ಬೇಕೆಂದು ಹಟ ಹಿಡಿದು ಐ5-8500ಟಿ ಇರುವುದನ್ನು ಆರಿಸಿದೆ. ಕೊನೆಯ ಆ 'ಟಿ'ಯಲ್ಲೇ ಗುಟ್ಟು. ಮಾಮೂಲಿ 8500ರಲ್ಲಿರುವ ಆರು ಕೋರ್‌ಗಳೇ ಇಲ್ಲೂ ಇವೆ, ಆದರೆ 65 ವ್ಯಾಟ್ ಬದಲು 35ಕ್ಕೆ ಕಡಿವಾಣ ಹಾಕಿದ್ದಾರೆ. ಪುಟ ಕಟ್ಟುವಾಗ ವ್ಯತ್ಯಾಸ ತಿಳಿಯಲೇ ಇಲ್ಲ.

ಇದರ ಸುಖ ಗೊತ್ತಾದದ್ದು ಕರೆಂಟ್ ಹೋದಾಗ. ಟವರ್ ಇದ್ದಾಗ ಕಾಲು ಗಂಟೆಗೆಲ್ಲ ಕಿರುಚಿಕೊಳ್ಳುತ್ತಿದ್ದ 600 ವಿಎ ಯುಪಿಎಸ್ ಈಗ ನಲವತ್ತು ನಿಮಿಷ ತೆಪ್ಪಗೆ ಎಳೆಯುತ್ತದೆ. ಧೂಳು ತೆಗೆಯಲು ಹಿಂದಿನ ಒಂದೇ ಸ್ಕ್ರೂ ಬಿಚ್ಚಿದರೆ ಸಾಕು, ಮುಚ್ಚಳ ಜಾರಿ ಬರುತ್ತದೆ.

ವಿಡಿಯೊ ರೆಂಡರ್‌ಗೆ, ಅಂದರೆ ಎಡಿಟ್ ಮುಗಿಸಿ ಅಂತಿಮ ಫೈಲ್ ಮಾಡಲು, ಕೊಟ್ಟಾಗ ಮಾತ್ರ ಬೇರೆಯೇ ಅವತಾರ. ಚಿಕ್ಕ ಫ್ಯಾನ್ ಗಾಳಿ ನೂಕಬೇಕಾದರೆ ಜೋರಾಗಿ ತಿರುಗಲೇಬೇಕಲ್ಲ, ಕಿವಿಯ ಹತ್ತಿರ ಸೊಳ್ಳೆ ಬಂದಂಥ ಸದ್ದು. "ಅಪ್ಪಾ, ಅದನ್ನ ಆಫ್ ಮಾಡ್ತೀಯಾ, ನಾಳೆ ಟೆಸ್ಟ್ ಇದೆ" ಎಂದು ಮಗಳು ಗೊಣಗಿದ ರಾತ್ರಿ ಎರಡನೆಯ ಪ್ರಯೋಗಕ್ಕೆ ಮನಸ್ಸು ಮಾಡಿದೆ. (ಅವಳದು ನೆಪ. ಕೈ ಮೊದಲೇ ತುರಿಸುತ್ತಿತ್ತು.)

ಎರಡನೆಯದು ನಾನೇ ಜೋಡಿಸಿದ ಮಿನಿ-ಐಟಿಎಕ್ಸ್. 2001ರಲ್ಲಿ ವಯಾ ಕಂಪನಿ ತಂದ ಅಳತೆ ಇದು: ಮದರ್‌ಬೋರ್ಡ್ 17 ಸೆಂ.ಮೀ. ಚೌಕ, ರ‍್ಯಾಮ್‌ಗೆ ಸಾಮಾನ್ಯವಾಗಿ ಎರಡು ಸ್ಲಾಟ್, ಗ್ರಾಫಿಕ್ಸ್ ಕಾರ್ಡ್‌ಗೆ ಒಂದು. ಹತ್ತು ಲೀಟರ್‌ನ ಕೇಸ್‌ನಲ್ಲಿ ಬೋರ್ಡ್ ಒಂದು ಬದಿ, ಕಾರ್ಡ್ ಇನ್ನೊಂದು ಬದಿ, ಬೆನ್ನಿಗೆ ಬೆನ್ನು. ನಡುವೆ ಸಂಬಂಧ ಕುದುರಿಸುವ ದಲ್ಲಾಳಿ ರೈಸರ್ ಕೇಬಲ್. ಆ ದಲ್ಲಾಳಿಯೇ ನನ್ನ ಎರಡು ದಿನ ನುಂಗಿದ. ಕಾರ್ಡ್ ಜೆನ್ 4, ಕೇಬಲ್ ಜೆನ್ 3 (ಜೆನ್ ಅಂದರೆ ಡೇಟಾ ಸಾಗುವ ವೇಗದ ತಲೆಮಾರು). ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಕೊನೆಗೆ ಮಾನಿಟರ್ ವೈರನ್ನು ಬೋರ್ಡ್‌ಗೇ ಸಿಕ್ಕಿಸಿ, ಬೋರ್ಡ್‌ನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ ಸ್ಲಾಟನ್ನು ಜೆನ್ 3ಕ್ಕೆ ಇಳಿಸಿದಾಗ ಜೀವ ಬಂತು.

ಜೀವ ಬಂದ ಮೇಲೆ ಕುದುರೆಯೇ, ಸುಳ್ಳು ಹೇಳಬಾರದು. ರೆಂಡರ್ ಚಿಟಿಕೆ ಹೊಡೆಯುವಷ್ಟರಲ್ಲಿ, ಸದ್ದೂ ಮೆತ್ತಗೆ. ಆದರೆ ಬೋರ್ಡ್‌ಗೆ ತೆತ್ತದ್ದು ಮಾಮೂಲಿ ಅಳತೆಯದಕ್ಕಿಂತ ಹೆಚ್ಚುಕಡಿಮೆ ದುಪ್ಪಟ್ಟು. ಬೇಸಗೆಯ ಧೂಳು ತೆಗೆಯಲು ಕಾರ್ಡ್, ಕೇಬಲ್, ಕೂಲರ್ ಎಲ್ಲ ಬಿಚ್ಚಬೇಕು. ಒಂದು ಭಾನುವಾರ ಹೋಯಿತೆಂದೇ ಲೆಕ್ಕ.

ಬಿಡಿಭಾಗದ ವಿಷಯದಲ್ಲಿ ಎರಡೂ ಒಂದೇ ದೋಣಿಯಲ್ಲಿವೆ. ಒಂದು ಲೀಟರ್‌ನ ಜೊತೆ ಅಂಗಡಿಯವರು ಕೊಟ್ಟ ಡುಪ್ಲಿಕೇಟ್ ಅಡಾಪ್ಟರ್ ಐದೇ ತಿಂಗಳಿಗೆ ಸತ್ತಿತು. ಕಂಪನಿಗೊಂದು ಪಿನ್, ಹೊಂದುವುದು ಸಿಗಲು ಆರು ಅಂಗಡಿ ಅಲೆದೆ. ಐಟಿಎಕ್ಸ್‌ಗೆ ಬೇಕಾದ ಎಸ್‌ಎಫ್‌ಎಕ್ಸ್ ಎಂಬ ಚಿಕ್ಕ ಅಳತೆಯ ಪವರ್ ಸಪ್ಲೈ ನಮ್ಮ ಬಡಾವಣೆಯ ಯಾವ ಅಂಗಡಿಯಲ್ಲೂ ಇರಲಿಲ್ಲ, ಆನ್‌ಲೈನೇ ಗತಿ. ಟವರ್‌ಗಾದರೆ ಬೀದಿ ತುದಿಯಲ್ಲೇ ಸಿಗುತ್ತಿತ್ತು, ಅರ್ಧ ಗಂಟೆಯ ಕೆಲಸ.

ಇನ್ನೊಂದು ಮಾತು ಅಂಗಡಿಯವರು ಹೇಳುವುದಿಲ್ಲ. ಒಂದು ಲೀಟರ್ ಆದದ್ದು ಡಬ್ಬ ಮಾತ್ರ. ಇಟ್ಟಿಗೆಯಂಥ ಅಡಾಪ್ಟರ್, ಯುಎಸ್‌ಬಿ ಹಬ್, ಹಳೆಯ ಪುಸ್ತಕಗಳ ಫೈಲ್ ತುಂಬಿದ ಎರಡು ಹಾರ್ಡ್ ಡಿಸ್ಕ್, ಇವೆಲ್ಲ ಮೊದಲು ಟವರ್‌ನ ಹೊಟ್ಟೆಯಲ್ಲಿದ್ದವು, ಇಲ್ಲವೇ ಬೇಕಾಗಿರಲಿಲ್ಲ. ಈಗ ವೈರಿನ ಬಾಲ ಸಮೇತ ಮೇಜಿನ ಮೇಲೆ ಬಂದು ಕೂತಿವೆ.

ಆದರೂ ಉಳಿಸಿಕೊಂಡದ್ದು ಅದನ್ನೇ. ಮಾನಿಟರ್ ಬೆನ್ನಿಗೆ ಸ್ಕ್ರೂ ಹಾಕಿ ನೇತುಹಾಕಿದ್ದೇನೆ. ಇಂಟೆಲ್‌ನ ಕ್ವಿಕ್ ಸಿಂಕ್ (ವಿಡಿಯೊ ಕೆಲಸಕ್ಕೆಂದೇ ಚಿಪ್‌ನಲ್ಲಿರುವ ಸೌಲಭ್ಯ) ಆನ್ ಮಾಡಿಕೊಂಡ ಮೇಲೆ ನನ್ನ ಮಟ್ಟದ ವಿಡಿಯೊಗೆ ಸಾಕಾಗಿದೆ, ಸೊಳ್ಳೆ ಸದ್ದಿನ ಹೊತ್ತೂ ಕಡಿಮೆಯಾಗಿದೆ. ಹತ್ತು ಲೀಟರ್‌ನ ಕುದುರೆ ಭಾವಮೈದುನನ ಮನೆ ಸೇರಿ ಗೇಮ್ ಆಡಿಸುತ್ತಿದೆ. ಧೂಳು ತೆಗೆಯುವ ಭಾನುವಾರ ಬಂದಾಗ ಮಾತ್ರ ಅವನ ಫೋನ್ ಬರುತ್ತದೆ.